ಚುಕ್ಕಾಣಿ ಹಿಡಿದ ಕೈ

ಹೊಳೆಯ ದಡದಲ್ಲಿ ಮನೆಯಿದ್ದವರಿಗೆ ಗಡಿಯಾರ ಬೇಕಿಲ್ಲ, ದೋಣಿಗಳ ಸದ್ದೇ ಸಾಕು. ದೋಣಿಕಾರನ ಹೆಂಡತಿಗೆ ಅದರಲ್ಲೂ ಒಂದು ಸದ್ದು ಬೇರೆಯೇ. ಅವಳ ಗಂಡ ದಡಕ್ಕೆ ಬಂದೊಡನೆ ಹುಟ್ಟುಗೋಲಿನಿಂದ ದೋಣಿಯ ಅಂಚಿಗೆ ಎರಡು ಸಲ ತಟ್ಟುತ್ತಿದ್ದ. ಬಂದೆ, ಒಲೆಯ ಮೇಲೆ ನೀರಿಡು ಎಂದರ್ಥ. "ಇವರಿಗೇನು ಬಾಯಿಲ್ವಾ?" ಎಂದು ಹದಿನೆಂಟು ವರ್ಷ ಗೊಣಗಿದವಳು, ಈಗ ನಾಲ್ಕು ತಿಂಗಳಿಂದ ಆ ಸದ್ದಿಗಾಗಿ ಹಂಬಲಿಸುತ್ತಿದ್ದಾಳೆ. ಅವನು ಜೈಲಿನಲ್ಲಿದ್ದಾನೆ.

ಆವತ್ತು ಮಧ್ಯಾಹ್ನ ದೋಣಿ ಕಚೇರಿಯ ಗುಮಾಸ್ತೆ ಜಗಲಿಯಲ್ಲಿ ಕೂತು, ಜೈಲಿಗೆ ಭೇಟಿಗೆ ಹೋಗುವ ಅರ್ಜಿ ತುಂಬಿಕೊಡುತ್ತಿದ್ದಳು. ಅಷ್ಟರಲ್ಲಿ ಮೈದುನ ಬಂದ. ಅವನಿಗೂ ಸ್ವಂತ ದೋಣಿಯಿದೆ, ಅದನ್ನು ಕಟ್ಟುವ ಸರಪಳಿಯ ಬೀಗದಕೈ ಮಾತ್ರ ಈ ಮನೆಯಲ್ಲೇ ಇರುತ್ತದೆ. ಅವನ ಉಸಿರು ತಾಗಿದರೆ ಒಲೆ ಹತ್ತಿಕೊಳ್ಳುವಂತಿತ್ತು.

"ಅತ್ತಿಗೆ, ಸರಪಳಿ ಬೀಗದಕೈ ಎಲ್ಲಿ? ಐದು ಜನ ಕಾಯ್ತಿದಾರೆ."

"ಕುಡಿದಿದೀಯಾ?"

"ಎರಡೇ ಗುಟುಕು. ನಾನೇನು ಬಸ್ ಓಡಿಸ್ತೀನಾ? ನೀರಿನ ಮೇಲೆ ಸಿಗ್ನಲ್ಲೂ ಇಲ್ಲ, ಪೊಲೀಸೂ ಇಲ್ಲ. ಅಷ್ಟು ಭಯ ಆದ್ರೆ ಇಂಜಿನ್ನೇ ಹಚ್ಚಲ್ಲ ಬಿಡಿ. ಹೊಳೆನೇ ಕರ್ಕೊಂಡು ಹೋಗುತ್ತೆ. ನಾನು ಸುಮ್ನೆ ಚುಕ್ಕಾಣಿ ಹಿಡ್ಕೊಂಡು ಕೂತಿರ್ತೀನಿ."

ಆ ದಿನ ಅವಳ ಗಂಡ ಹೇಳಿದ್ದೂ ಇದೇ ಮಾತು. ಇಂಜಿನ್ ಆರಿಸಿ ಹರಿವಿಗೆ ಬಿಟ್ಟ ದೋಣಿ ಮೀನು ಹಿಡಿಯುವವರ ದೋಣಿಗೆ ಗುದ್ದಿ, ಒಬ್ಬ ಹೆಂಗಸಿನ ಕೈ ಮುರಿದಿತ್ತು.

ಗುಮಾಸ್ತೆ ಪೆನ್ನು ಕೆಳಗಿಟ್ಟಳು. "ನಿಮ್ಮಣ್ಣ ಕೋರ್ಟಲ್ಲಿ ಹೇಳಿದ್ದೂ ಇದನ್ನೇ ಕಣಪ್ಪ. ಇಂಜಿನ್ ಆಫ್ ಇತ್ತು ಸ್ವಾಮಿ, ನಾನು ಓಡಿಸ್ತಿರ್ಲಿಲ್ಲ ಅಂತ. ನ್ಯಾಯಾಧೀಶರು ಕೇಳಿದ್ದು ಒಂದೇ ಮಾತು, ಚುಕ್ಕಾಣಿ ಯಾರ ಕೈಲಿತ್ತು? ಚುಕ್ಕಾಣಿ ಹಿಡಿದವನೇ ದೋಣಿ ನಡೆಸಿದವನು, ಮುಗೀತು."

"ಅಣ್ಣನ ಗ್ರಹಚಾರ ಕೆಟ್ಟಿತ್ತು ಅಷ್ಟೇ."

"ಗ್ರಹಚಾರ ಅಲ್ಲ, ಬಾಟ್ಲಿ. ದಡದಲ್ಲೇ ಪೊಲೀಸರು ಉಸಿರು ಊದಿಸಿ ನೋಡಿದ್ರು. ಆರು ತಿಂಗಳು ಜೈಲಾಯ್ತು, ಲೈಸೆನ್ಸ್ ಹೋಯ್ತು. ಜಪ್ತಿಯಾದ ದೋಣಿ ನಮ್ಮ ಕಚೇರಿ ಹಿಂದೆ ಬಿಸಿಲಲ್ಲಿ ಬಿರುಕು ಬಿಡ್ತಿದೆ, ದಿನಾ ನೋಡ್ತೀನಿ. ಕುಡಿದಿದ್ರು ಅಂತ ವಿಮೆಯವರೂ ಕೈ ಎತ್ತಿಬಿಟ್ರು."

"ನಂಗೇನೂ ಏರಿಲ್ಲ ಅಕ್ಕಾ," ಎನ್ನುತ್ತಲೇ ಮೈದುನ ಗೋಡೆಯ ಮೊಳೆಯಿಂದ ಬೀಗದಕೈ ತೆಗೆದುಕೊಂಡ.

ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು. "ನಂಗೆ ಕಾನೂನು ಗೊತ್ತಿಲ್ಲ ಕಣೋ. ಹೋದ ವಾರ ನಿಮ್ಮಣ್ಣನ್ನ ನೋಡೋಕೆ ಹೋಗಿದ್ದೆ. ನಡುವೆ ಗಾಜು. ಟೈಮಾಯ್ತು ಅಂದಾಗ ಆ ಗಾಜಿಗೆ ಬೆರಳಿಂದ ಎರಡು ಸಲ ತಟ್ಟಿದ್ರು. ಮನೆಗೆ ಬಂದವಳೇ ಒಲೆ ಮೇಲೆ ನೀರಿಟ್ಟೆ. ಯಾರಿಗೆ ಅಂತ ಇಟ್ಟೆ, ಹೇಳು?"

ಮೈದುನ ಬೀಗದಕೈಯನ್ನು ಮತ್ತೆ ಮೊಳೆಗೆ ಸಿಕ್ಕಿಸಿದ. "ಇವತ್ತು ನನ್ನ ದೋಣಿ ಇಲ್ಲ, ಬೇರೆ ದೋಣಿ ನೋಡ್ಕೊಳ್ಳಿ" ಎಂದು ಜನರಿಗೆ ಹೇಳಿ ಬಂದು ಜಗಲಿಯಲ್ಲೇ ಮಲಗಿಬಿಟ್ಟ.

ಮರುದಿನ ಸಂಜೆ ದಡದಿಂದ ಎರಡು ಸಲ ತಟ್ಟಿದ ಸದ್ದು ಬಂತು. ಮೈದುನನೇ ಎಂದು ಅವಳಿಗೆ ಗೊತ್ತು. ಕುಡಿಯದೆ ಹೋಗಿ ಕುಡಿಯದೆ ಬಂದೆ ಎಂದು ತಿಳಿಸಲು ಅಣ್ಣನಂತೆಯೇ ತಟ್ಟುತ್ತೇನೆ ಎಂದು ಅವನು ಬೆಳಿಗ್ಗೆಯೇ ಹೇಳಿದ್ದ. ಗೊತ್ತಿದ್ದರೂ ಅವಳ ಕಾಲುಗಳು ಒಲೆಯ ಕಡೆಗೆ ಓಡಿದವು. ನೀರಿಟ್ಟು, ಕಣ್ಣೊರೆಸಿಕೊಂಡು, ಇನ್ನೆರಡು ತಿಂಗಳು ಎಂದುಕೊಂಡಳು.

ದೋಣಿ ನಡೆಸುವ ಅಣ್ಣತಮ್ಮಂದಿರೇ, ಇಂಜಿನ್ ಹಚ್ಚಿರಲಿ, ಆರಿಸಿರಲಿ, ಕುಡಿದ ಕೈ ಚುಕ್ಕಾಣಿ ಮುಟ್ಟುವುದು ಬೇಡ. ನಿಮ್ಮಲ್ಲಿ ಕಾನೂನು ಏನು ಹೇಳುತ್ತದೆಂದು ದೋಣಿ ಕಚೇರಿಯಲ್ಲಿ ಇವತ್ತೇ ಕೇಳಿ. ಹತ್ತುವವರೇ, ವಾಸನೆ ಬಂದರೆ ಮುಲಾಜು ನೋಡದೆ ಇಳಿದುಬಿಡಿ. ನೀವು ದಡ ಸೇರಿದ ಸದ್ದಿಗೆ ಮನೆಯಲ್ಲಿ ಯಾರೋ ಕಿವಿಗೊಟ್ಟು ಕೂತಿದ್ದಾರೆ.