ಹತ್ತನೇ ಡಬ್ಬಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವರು ಎಲ್ಲರ ಮುಂದೆ ಹೇಳುತ್ತಾರೆ. ಇರಲಿ ಬಿಡಿ. ಒಂದೇ ಒಂದು ತಪ್ಪನ್ನು ನಲವತ್ತು ವರ್ಷ ನೆನಪಿಸುತ್ತಲೇ ಬಂದ ಗಂಡನ ಜೊತೆ ಬಾಳಿ ನೋಡಿ, ನಿಮಗೂ ಬರುತ್ತದೆ.

ಅವರು ಟಾಕೀಸಿನಲ್ಲಿ ಚಿತ್ರ ತೋರಿಸುವ ಆಪರೇಟರ್ ಆಗಿದ್ದರು. ಮಾಲೀಕರಿಗೆ ಊರಿನ ಎರಡು ತುದಿಗೆ ಎರಡು ಟಾಕೀಸು. ಆದರೆ ಜಿಪುಣ ಮನುಷ್ಯ, ತರಿಸುತ್ತಿದ್ದದ್ದು ಚಿತ್ರದ ಒಂದೇ ಪ್ರತಿ. ಮೊದಲ ಟಾಕೀಸಿನಲ್ಲಿ ಒಂದು ರೀಲು ಮುಗಿದ ಕೂಡಲೇ ಅದನ್ನು ಡಬ್ಬಿಗೆ ಹಾಕಿ, ಸೈಕಲ್ಲಿನಲ್ಲಿ ಇವರಿದ್ದ ಎರಡನೇ ಟಾಕೀಸಿಗೆ ಮುಟ್ಟಿಸಬೇಕು. ಮದುವೆಯಾದ ಹೊಸತರಲ್ಲಿ ಆ ಸೈಕಲ್ ತುಳಿಯುತ್ತಿದ್ದವಳು ನಾನೇ. ಕೊನೆಯ ಡಬ್ಬಿ ಕೊಟ್ಟವಳೇ, ಮೊದಲಿನವನ್ನು ಹೇರಿಕೊಂಡು ಸಂಜೆಯ ಆಟಕ್ಕೆ ವಾಪಸ್ ಓಡಬೇಕಿತ್ತು. ಹೀಗಾಗಿ ನೂರಾರು ಚಿತ್ರಗಳನ್ನು ಹೊತ್ತಿದ್ದೇನೆ, ಒಂದರ ಕೊನೆಯನ್ನೂ ಕಂಡಿಲ್ಲ.

ಆ ವಾರ ಬಂದದ್ದು ಜಪಾನಿನ ಸಮುರಾಯ್ ಚಿತ್ರ, ಇವರ ಟಾಕೀಸಿಗೆ ಒಂದೇ ದಿನ, ಒಂದೇ ಆಟ. ರೀಲಿಗಾಗಿ ಕಾಯುವಾಗ ಬಾಗಿಲ ಸಂದಿಯಿಂದ ಚೂರು ಚೂರು ನೋಡಿದ್ದೆ. ಕತ್ತಿ ಒಂದನ್ನು ಬಿಟ್ಟರೆ ಗತಿಯಿಲ್ಲದ ಒಬ್ಬ ಗಂಡಸು, ನದಿಯ ದಡ, ದೋಣಿ ನಡೆಸಿ ಹೊಟ್ಟೆ ಹೊರೆಯುವ ಒಬ್ಬ ವಿಧವೆ, ಅವಳ ದೋಣಿ ಕಸಿಯಲು ಬರುವ ಕಳ್ಳರು. ಅವನು ಅವಳ ಸೂರಿನ ಕೆಳಗೆ ದಿನಗಟ್ಟಲೆ ಸುಮ್ಮನೆ ಕೂರುತ್ತಾನೆ. ಗಾಳಿ ಬೀಸುತ್ತದೆ. ಏನೂ ಆಗುವುದಿಲ್ಲ, ಆದರೂ ಕಣ್ಣು ಕೀಳಲಾಗುವುದಿಲ್ಲ. ಅಷ್ಟು ಮೌನವಾದ ಚಿತ್ರವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಮುಂದಿನ ವಾರದ ಕೌಬಾಯ್ ಚಿತ್ರದ ಡಬ್ಬಿಗಳೂ ಮೊದಲ ಟಾಕೀಸಿನ ಡಬ್ಬಿ ಕೋಣೆಗೆ ಬಂದು ಕೂತಿದ್ದವು. ಎರಡೂ ಕಪ್ಪುಬಿಳುಪು, ಎರಡರ ಕೊನೆಯ ಡಬ್ಬಿಯ ಮೇಲೂ ಹತ್ತು. ನಾನು ಗಡಿಬಿಡಿಯಲ್ಲಿ ಒಂದನ್ನು ಎತ್ತಿಕೊಂಡು ಹೊರಟೆ.

ಒಂಬತ್ತನೇ ರೀಲಿನ ಕೊನೆಗೆ ಸಮುರಾಯ್ ಆಳೆತ್ತರದ ಜೊಂಡಿನೊಳಗೆ ನುಗ್ಗಿ ಮರೆಯಾಗುತ್ತಾನೆ. ಹತ್ತನೆಯದು ಶುರುವಾದಾಗ ಪರದೆಯ ಮೇಲೆ ಅದೇ ಗಾಳಿ, ಅಷ್ಟೇ ಎತ್ತರದ ಹುಲ್ಲು. ಹುಲ್ಲು ಸರಿಸಿಕೊಂಡು ಹೊರಗೆ ಬಂದವನ ತಲೆಯ ಮೇಲೆ ಟೋಪಿ, ಸೊಂಟದಲ್ಲಿ ಪಿಸ್ತೂಲು! ಸೈಕಲ್ಲಿಗೆ ಡಬ್ಬಿ ಕಟ್ಟುತ್ತಿದ್ದ ನಾನು ಒಳಗಿನ ಗದ್ದಲ ಕೇಳಿ ಇಣುಕಿದೆ. ಜೀವ ಬಾಯಿಗೆ ಬಂತು.

"ಅಯ್ಯೋ, ಟೋಪಿ ಹಾಕ್ಕೊಂಡು ಬಂದ್ನಲ್ಲಪ್ಪಾ!" ಎಂದು ಒಬ್ಬ ಕೂಗಿದ. ಜನ ಘೊಳ್ಳೆಂದು ನಕ್ಕರು. ಆಮೇಲೆ, ದೇವರಾಣೆ, ಸುಮ್ಮನೆ ನೋಡುತ್ತಾ ಕೂತರು. ಅಲ್ಲೂ ನದಿ, ಅಲ್ಲೂ ಒಂದು ದೋಣಿ, ಅಲ್ಲೂ ಬಾಗಿಲಲ್ಲಿ ನಿಂತ ಒಬ್ಬ ಹೆಂಗಸು. ಟೋಪಿಯವನು ಕಳ್ಳರನ್ನು ಹೊಡೆದುರುಳಿಸಿ ಕುದುರೆ ಹತ್ತಿ ಹೋಗಿಯೇಬಿಟ್ಟ, ಒಮ್ಮೆಯೂ ತಿರುಗಿ ನೋಡಲಿಲ್ಲ. ಜನ ಚಪ್ಪಾಳೆ ಹೊಡೆದರು.

ಮಾಲೀಕರು ಮಾತ್ರ ಹೊಡೆಯಲಿಲ್ಲ. ಅವರು ಕೂಗಾಡಿದಾಗ ಇವರು, "ನನ್ನದೇ ತಪ್ಪು, ಡಬ್ಬಿ ತೆಗೆದು ನೋಡ್ಬೇಕಿತ್ತು" ಎಂದು ತಲೆ ತಗ್ಗಿಸಿ ನಿಂತರು. ನನ್ನ ಹೆಸರೆತ್ತಲಿಲ್ಲ. ಆ ರಾತ್ರಿ ಅತ್ತೂ ಅತ್ತೂ ನನ್ನ ಕಣ್ಣು ಊದಿಕೊಂಡವು.

ಅಂದಿನಿಂದ ಶುರುವಾಯಿತು. "ಎಲ್ಲ ಸರಿ, ಆ ಕೊನೇ ರೀಲು ಒಂದು ನೋಡಿದ್ರೆ..." ಎಂದು ನಿಟ್ಟುಸಿರು ಬಿಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು ಯಾವ ಚಿತ್ರದ ಕೊನೆಯ ಮಾತೆತ್ತಿದರೂ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಆದರೆ ನನಗೂ ಒಂದು ಪ್ರಶ್ನೆ ಕೊರೆಯುತ್ತಲೇ ಇತ್ತು. ಆ ಸಮುರಾಯ್ ಕೂಡ ಅವಳನ್ನು ಬಿಟ್ಟು ಹೋದನೇ?

ಈಗ ಇವರ ಒಂದು ಕಣ್ಣು ಹೋಗಿದೆ. ಇನ್ನೊಂದಕ್ಕೆ ಸೋಮವಾರ ಆಪರೇಷನ್. "ದೃಷ್ಟಿ ಉಳಿದರೆ ಉಳೀತು, ಹೋದರೆ ಹೋಯ್ತು, ನಾನು ಮಾತು ಕೊಡಲಾರೆ" ಎಂದು ಡಾಕ್ಟರು ನೇರವಾಗಿ ಹೇಳಿದರು. ಮನೆಗೆ ಬಂದವರೇ ಇವರು, "ಸೋಮವಾರದೊಳಗೆ ಆ ಹತ್ತನೇ ರೀಲು ನೋಡ್ಬೇಕು" ಎಂದರು.

ಸೊಸೆಗೆ ಹಳೆಯ ಚಿತ್ರಗಳ ಭಂಡಾರದಲ್ಲಿ ಹರಿದ ಫಿಲ್ಮು ಸರಿಪಡಿಸುವ ಕೆಲಸ. ಮೂರು ದಿನ ಹುಡುಕಿ, ಶನಿವಾರ ಮಧ್ಯಾಹ್ನ ಚಿತ್ರವನ್ನೂ ಪುಟ್ಟ ಪ್ರೊಜೆಕ್ಟರನ್ನೂ ತಂದಳು. "ಅತ್ತೆ, ನೀವೇನೂ ಅಂಥ ತಪ್ಪು ಮಾಡಿಲ್ಲ" ಎಂದಳು. "ಆ ಕೌಬಾಯ್ ಚಿತ್ರದವರು ಈ ಕಥೇನೇ ಎತ್ಕೊಂಡು, ಕತ್ತಿ ಜಾಗಕ್ಕೆ ಪಿಸ್ತೂಲು ಕೊಟ್ಟಿದ್ದು. ಅಂಥವು ಎಷ್ಟೋ ಇವೆ."

"ಅವರು ಕದ್ದಿದ್ದನ್ನ ನಿಮ್ಮತ್ತೆ ಸೈಕಲ್ ಮೇಲೆ ವಾಪಸ್ ತಂದುಕೊಟ್ಟಳು ನೋಡು" ಎಂದರು ಇವರು. ಆ ಹೊತ್ತಲ್ಲೂ ಕುಹಕ!

ಕಿಟಕಿಗೆ ಕಂಬಳಿ ಹೊದಿಸಿದೆವು. ನನ್ನನ್ನು ಗೋಡೆಯ ಎದುರಿಗೇ ಕೂರಿಸಿ, ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡರು. ಆ ಕಣ್ಣಿಗೆ ಹಾಗೆಯೇ ಅನುಕೂಲವೇನೋ ಎಂದುಕೊಂಡೆ.

ಮಲಗುವ ಕೋಣೆಯ ಗೋಡೆಯ ಮೇಲೆ ನದಿ ಹರಿಯತೊಡಗಿತು. ಬಾಗಿಲ ಸಂದಿಯಲ್ಲಿ ಕಂಡ ಚೂರುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಂದವು. ಗೋಡೆಯ ಹಳೆಯ ಬಿರುಕು ಜೊಂಡಿನ ನಡುವೆ ಇನ್ನೊಂದು ಜೊಂಡಿನಂತೆ ನಿಂತಿತು. ನನ್ನ ಮಂಡಿನೋವು, ಸೋಮವಾರ, ಎಲ್ಲವೂ ಎಲ್ಲೋ ದೂರ ಹೋದವು. ಸಮುರಾಯ್ ಜೊಂಡಿನೊಳಗೆ ಮರೆಯಾದ. ಕುರ್ಚಿಯ ಕೈ ಹಿಡಿದುಕೊಂಡೆ. ಜೊಂಡು ಅಲ್ಲಾಡಿತು, ಕತ್ತಿಯ ಸದ್ದು ಕೇಳಿತು, ಮತ್ತೆ ಬರೀ ಗಾಳಿ.

ಅವನು ಹೊರಗೆ ಬಂದ. ತಲೆಯ ಮೇಲೆ ಟೋಪಿಯಿರಲಿಲ್ಲ, ಕೈಯಲ್ಲಿ ಕತ್ತಿಯೂ ಇರಲಿಲ್ಲ. ದೋಣಿಯ ಹತ್ತಿರ ಹೋಗಿ, ಅವಳ ಕೈಯಿಂದ ಹುಟ್ಟು ತೆಗೆದುಕೊಂಡು ಸುಮ್ಮನೆ ಕೂತ. ಅವಳು ಜಾಗ ಬಿಟ್ಟುಕೊಟ್ಟಳು. ದೋಣಿ ಹೊರಟಿತು.

ಹೋಗಲಿಲ್ಲ, ಪುಣ್ಯಾತ್ಮ ಬಿಟ್ಟು ಹೋಗಲಿಲ್ಲ! ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ನೋಡಿದ್ರಾ ರೀ?" ಎಂದು ತಿರುಗಿದೆ.

ಅವರು ಗೋಡೆಯ ಕಡೆ ನೋಡುತ್ತಲೇ ಇರಲಿಲ್ಲ. ಇದ್ದ ಆ ಒಂದು ಕಣ್ಣು ನನ್ನ ಮುಖದ ಮೇಲಿತ್ತು.

"ಗೋಡೆ ಆ ಕಡೆ ಇದೆ ರೀ! ಕೊನೆ ಮುಗಿದೇ ಹೋಯ್ತಲ್ಲ!"

"ನಾನು ಅದನ್ನ ಮಾರನೇ ದಿನ ಬೆಳಿಗ್ಗೇನೇ ನೋಡಿದ್ದೆ ಕಣೇ" ಎಂದರು. "ಡಬ್ಬಿ ಊರು ಬಿಡೋ ಮುಂಚೆ, ಆ ಮೊದಲ ಟಾಕೀಸಿಗೇ ಹೋಗಿ, ಖಾಲಿ ಹಾಲಲ್ಲಿ ಹಾಕ್ಕೊಂಡು ನೋಡ್ದೆ. ನೀನು ಅತ್ತು ಅತ್ತು ಆಗ ತಾನೇ ಮಲಗಿದ್ದೆ, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ."

"ನಲವತ್ತು ವರ್ಷ! ನಲವತ್ತು ವರ್ಷ ನನ್ನ ಹೊಟ್ಟೆ ಉರಿಸಿದ್ರಲ್ಲಾ! ನಿಮಗೇನು ಮನಸ್ಸಾಕ್ಷಿ ಇದೆಯಾ?"

"ಮೊದಮೊದಲು ತಮಾಷೆಗೆ ಅಂತಿದ್ದೆ. ಆಮೇಲೆ ಹೇಳೋಕೆ ನಿನ್ನ ಬಾಯಿಗೆ ಹೆದರಿಕೆ." ಪ್ರೊಜೆಕ್ಟರಿನ ಕಡೆ ಕೈ ತೋರಿಸಿದರು. "ಟಾಕೀಸಿನ ಪ್ರೊಜೆಕ್ಟರ್ ಗೂಡಿನ ಕಿಂಡಿಯಿಂದ ಆಪರೇಟರಿಗೆ ಕಾಣೋದು ಜನರ ತಲೆ ಹಿಂಭಾಗ ಮಾತ್ರ. ಜೀವಮಾನವಿಡೀ ಚಿತ್ರ ತೋರಿಸ್ದೆ, ನೋಡೋರ ಮುಖ ಹೇಗಿರುತ್ತೆ ಅಂತ ಒಂದು ಸಲಾನೂ ನೋಡ್ಲಿಲ್ಲ. ಸೋಮವಾರದೊಳಗೆ ನಿನ್ನ ಮುಖ ನೋಡ್ಬೇಕಿತ್ತು."

ಬೈಯಲು ಬಾಯಿ ತೆರೆದೆ. ಸೊಸೆ ಅತ್ತ ತಿರುಗಿ ಮೂಗೊರೆಸಿಕೊಳ್ಳುತ್ತಿದ್ದಳು.

"ಮೊದಲೇ ಹೇಳಿದ್ರೆ ತಲೆನಾದ್ರೂ ಬಾಚ್ಕೊಂಡು ಕೂರ್ತಿದ್ದೆ" ಎಂದೆ.

"ಇನ್ನೊಂದು ಸಲ ಹಾಕಮ್ಮ" ಎಂದರು ಅವರು ಸೊಸೆಗೆ. ಆಮೇಲೆ ನನಗೆ, "ಈ ಸಲ ಈ ಕಡೆ ತಿರುಗ್ಬೇಡ, ಬೆಳಕು ತಪ್ಪುತ್ತೆ."

ನಾನು ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಯ ಕಡೆ ನೋಡುತ್ತಾ ಕೂತೆ. ಅವರು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ ಸದ್ದು ಕೇಳಿತು.