ಸಾರವಾಡ ನೋಡದೆ ಬಿಟ್ಟ ರೇಸು

ಕೈಯಲ್ಲಿ ಹಿಡಿಯಲು ಬಾರದ ವಸ್ತುವಿಗೆ ದುಡ್ಡು ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ನಾನು ರಿಜ್ವಾನ. ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಈಚೆ, ನನ್ನದೊಂದು ಗೇಮಿನ ಅಂಗಡಿ ಇದೆ. ಎರಡು ಟಿವಿ, ಎರಡು ಹಳೆಯ ಗೇಮ್ ಮಷಿನ್, ಒಂದು ಕಪಾಟು ತುಂಬ ಡಿಸ್ಕು. ಆಟ ನಡುವೆ ನಿಂತರೆ ಡಿಸ್ಕನ್ನು ಹಳೆಯ ಬನಿಯನ್ನಿನಿಂದ ಒರೆಸಿ ಹಾಕುತ್ತೇನೆ, ಮತ್ತೆ ಓಡುತ್ತದೆ. ಕಂಪನಿ ಮುಳುಗಲಿ, ಮಾಲೀಕ ಓಡಿಹೋಗಲಿ, ಡಿಸ್ಕು ನನ್ನ ಕಪಾಟಿನಲ್ಲೇ ಇರುತ್ತದೆ.

ಹಾಗಾಗಿ ‘ಮೇಘಾಟ’ ಎಂಬ ಹೊಸ ಸೇವೆ ಬಂದಾಗ ನಾನು ಅಂಗಡಿಯಲ್ಲಿ ಕೂತವರಿಗೆಲ್ಲ ಭಾಷಣ ಮಾಡಿದ್ದೆ, ಅವರೂ ಹೌದು ಹೌದು ಅಂದಿದ್ದರು. ಅದರಲ್ಲಿ ಆಟ ನಡೆಯುವುದು ಎಲ್ಲೋ ದೂರದ ಕಂಪನಿಯ ಮಷಿನಿನಲ್ಲಿ. ನಮ್ಮ ಮೊಬೈಲಿಗೆ ಬರುವುದು ಬರೀ ಚಿತ್ರ. ನಾವು ಇಲ್ಲಿ ಬ್ರೇಕ್ ಒತ್ತಿದರೆ ಅದು ಅಲ್ಲಿಗೆ ಹೋಗಿ ಮುಟ್ಟಬೇಕು. ನೆಟ್ ತಡವರಿಸಿದರೆ ಗಾಡಿ ಗೋಡೆಗೆ ಗುದ್ದಿದ ಮೇಲೆ ಬ್ರೇಕ್ ಬೀಳುತ್ತದೆ. ತಿಂಗಳ ಚಂದಾ ಕಟ್ಟುವುದು ಬಿಟ್ಟರೆ ಅಲ್ಲಿ ನಮ್ಮದು ಅನ್ನುವುದು ಏನೂ ಇಲ್ಲ. ಹಿಂದೆ ಇಂಥದೇ ಒಂದು ಕಂಪನಿ ಬಾಗಿಲು ಹಾಕಿಕೊಂಡಾಗ ನಾನು ವರ್ಷಗಟ್ಟಲೆ ಕಟ್ಟಿದ ಕ್ರಿಕೆಟ್ ತಂಡ ಒಂದೇ ದಿನದಲ್ಲಿ ಮಾಯವಾಗಿತ್ತು. ಆ ತಂಡದ ಎಡಗೈ ಬೌಲರನನ್ನು ನಾನು ಈಗಲೂ ನೆನೆಯುತ್ತೇನೆ.

ನನ್ನ ಮಾತು ಕೇಳದವಳು ಗೌತಮಿ ಒಬ್ಬಳೇ. ಹತ್ತಿರದ ಸಾರವಾಡ ಹಳ್ಳಿಯ ಹುಡುಗಿ, ಕಾಲೇಜಿಗೆ ಬಬಲೇಶ್ವರದ ಬಸ್ಸಿನಲ್ಲಿ ಬರುತ್ತಾಳೆ, ಸಂಜೆಯ ಬಸ್ಸಿಗೆ ಮುಂಚೆ ನನ್ನ ಅಂಗಡಿಯಲ್ಲಿ ಕಾರ್ ರೇಸ್ ಆಡುತ್ತಾಳೆ. ಅವಳನ್ನು ಸೋಲಿಸಿದವರನ್ನು ನಾನು ಕಂಡಿಲ್ಲ. ರಾಜ್ಯಮಟ್ಟದ ಸ್ಪರ್ಧೆಗೆ ಹೋಗಬೇಕೆನ್ನುವುದು ಅವಳ ಒಂದೇ ಹಟ. ಆದರೆ ಆಯ್ಕೆ ನಡೆಯುತ್ತಿದ್ದುದು ದೂರದ ದೊಡ್ಡ ಊರುಗಳಲ್ಲಿ, ಒಮ್ಮೆ ಪರೀಕ್ಷೆ, ಒಮ್ಮೆ ತಾಯಿಯ ಕಾಯಿಲೆ ಅಡ್ಡ ಬಂದು ಎರಡು ಸಲ ತಪ್ಪಿತ್ತು. ಈ ವರ್ಷ ಆಯ್ಕೆ ನಡೆಸುವವರು ಮೇಘಾಟದವರು. ಮನೆಯಲ್ಲೇ ಕೂತು ಆಡಬಹುದು. ಜಿಲ್ಲೆಯಲ್ಲಿ ಗೆದ್ದವರು ರಾಜ್ಯಮಟ್ಟಕ್ಕೆ, ಮೈಸೂರಿಗೆ.

ನಾನು ಎಂದಿನಂತೆ ಕಪಾಟು ತೋರಿಸಿ ಶುರುಮಾಡಿದೆ. ಅವಳು ಅರ್ಧಕ್ಕೇ ತಡೆದಳು.

“ಡಿಸ್ಕ್ ಮೋಸ ಮಾಡಂಗಿಲ್ಲ, ಖರೆ ಐತಿ ರಿಜ್ವಾನಣ್ಣ. ಆದ್ರ ಮೈಸೂರಿಗೂ ಕಳಸಂಗಿಲ್ಲ.”

ನಾನು ಕಪಾಟು ಮುಚ್ಚಿದೆ. ಅವಳ ಅಪ್ಪ ಭಾಗಪ್ಪನಿಗೆ ನಾನೇ ಒಂದು ದಿನ ಈ ಸೇವೆಯ ಗುಟ್ಟು ಬಿಡಿಸಿ ಹೇಳಿ ಹೆದರಿಸಲು ನೋಡಿದೆ. ಆತ ಸಮಾಧಾನದಿಂದ ಕೇಳಿ, ಹಾಗಾದರೆ ಇದು ಲಾವಣಿಗೆ ಹಿಡಿದ ಬೇರೆಯವರ ಹೊಲವಿದ್ದಂತೆ, ನಾವು ಮಾರುವ ಹಾಗಿಲ್ಲ, ಆದರೆ ಬೆಳೆ ತೆಗೆಯಬಹುದಲ್ಲ ಎಂದು ನನ್ನನ್ನೇ ಕೇಳಿದ.

ಗೌತಮಿ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಜಿಲ್ಲೆಯ ಫೈನಲ್ಲಿಗೆ ಬಂದೇಬಿಟ್ಟಳು. ಎದುರಾಳಿ ಇಂಡಿ ತಾಲೂಕಿನ ಕುನಾಲ ಎಂಬ ಹುಡುಗ. ಮೂರು ರೇಸು, ಎರಡು ಗೆದ್ದವರು ಮೈಸೂರಿಗೆ. ನನಗೂ ಯಾವಾಗ ಹುಚ್ಚು ಹತ್ತಿತೋ ಗೊತ್ತಿಲ್ಲ. ನನ್ನ ಅಂಗಡಿಯ ತಂತಿಯ ನೆಟ್ಟಿನಲ್ಲೇ ಆಡಿಸುತ್ತೇನೆಂದು ಪಣ ತೊಟ್ಟು ಕೂತೆ. ಫೈನಲ್ಲಿನ ಭಾನುವಾರ ಬೆಳಿಗ್ಗೆ ಓಣಿಯಲ್ಲಿ ಗಟಾರ ತೋಡಲು ಬಂದ ಜೆಸಿಬಿ ಆ ತಂತಿಯನ್ನೇ ಕಿತ್ತು ಹಾಕಿತು. ಅವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾಗದು.

ಮನೆಯಲ್ಲೇ ಇರು ಎಂದು ಗೌತಮಿಗೆ ಫೋನು ಮಾಡಿ, ಕಂಟ್ರೋಲರನ್ನು ಚೀಲಕ್ಕೆ ತುರುಕಿ ಬೈಕನ್ನು ಸಾರವಾಡದ ಕಡೆ ಬಿಟ್ಟೆ. ಗೌತಮಿಯ ಮನೆಯ ಹಿಂದೆಯೇ ಮೊಬೈಲ್ ಟವರ್ ಇದೆ, ಮೊದಲಿನ ಸುತ್ತುಗಳನ್ನೂ ಅವಳು ಅದರ ಸಿಗ್ನಲ್ಲಿನಲ್ಲೇ ಆಡಿದ್ದಳು. ನಾನು ಹೋದಾಗ ಪಡಸಾಲೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಯಾರಾಗಿ ಕೂತಿದ್ದಳು. ಅವಳ ತಾಯಿ ತಿಪ್ಪವ್ವ ಹೊಸ ಸೀರೆ ಉಟ್ಟು, ಮಗಳ ಮದುವೆಯೇನೋ ಎಂಬಂತೆ ಒಳಗೆ ಹೊರಗೆ ಓಡಾಡುತ್ತಿದ್ದಳು.

ಮೊದಲ ರೇಸು ಶುರುವಾಯಿತು. ಎರಡನೆಯ ತಿರುವಿನಲ್ಲೇ ಚಿತ್ರ ನಿಂತಿತು. ಮತ್ತೆ ಓಡುವಷ್ಟರಲ್ಲಿ ಗೌತಮಿಯ ಕೆಂಪು ಗಾಡಿ ಗೋಡೆಗೆ ಮೂತಿ ತಿಕ್ಕುತ್ತಿತ್ತು. ಅವಳು ಬೆರಳು ಒತ್ತುತ್ತಿದ್ದಾಳೆ, ಗಾಡಿಗೆ ಅದು ಕೇಳಿಸುತ್ತಲೇ ಇಲ್ಲ. ಕುನಾಲ ಆರಾಮವಾಗಿ ಗೆದ್ದ. ಎರಡನೆಯ ರೇಸಿಗೆ ಅರ್ಧ ತಾಸು ಬಿಡುವಿತ್ತು.

ನಾನು ಹೇಳಿದ್ದು ಖರೆಯಾಯಿತಲ್ಲ ಎಂದು ಒಳಗೊಳಗೇ ನನಗೆ ಖುಷಿಯಾಯಿತು. ಆ ಖುಷಿ ಗೌತಮಿಯ ಮುಖ ನೋಡುವ ತನಕ ಮಾತ್ರ ಇತ್ತು. ಅವಳು ಅಳುತ್ತಿರಲಿಲ್ಲ, ಮೊಬೈಲಿನ ಬಿಸಿ ಹಿಂಬದಿಯನ್ನು ಸುಮ್ಮನೆ ದುಪಟ್ಟಾದಿಂದ ಒರೆಸುತ್ತಿದ್ದಳು. ಟವರಿಗೆ ಏನಾಗಿದೆ ನೋಡೋಣವೆಂದು ಮಾಳಿಗೆ ಹತ್ತಿದೆ.

ಟವರಿಗೆ ಏನೂ ಆಗಿರಲಿಲ್ಲ. ಆದರೆ ಕೆಳಗೆ ಬೇವಿನ ಕಟ್ಟೆಯ ಮೇಲೆ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಬಸ್ಸಿಗೆ ಕಾಯುವ ಜಾಗದಲ್ಲಿ, ಕಂಡ ಕಂಡಲ್ಲಿ ಜನ ಮೊಬೈಲ್ ಅಡ್ಡ ಹಿಡಿದು ಕೂತಿದ್ದರು. ಎಲ್ಲರ ಕೈಯಲ್ಲೂ ಅದೇ ರೇಸು. ಇಡೀ ಊರು ಗೌತಮಿಯ ಆಟವನ್ನು ಅದೇ ಒಂದು ಟವರಿನಿಂದ ನೇರಪ್ರಸಾರದಲ್ಲಿ ಜಗ್ಗುತ್ತಿತ್ತು.

ದಡದಡ ಇಳಿದು ಬಂದು ಕೇಳಿದೆ. ತಿಪ್ಪವ್ವ ಹೆಮ್ಮೆಯಿಂದ ಹೇಳಿದಳು. ಎರಡು ದಿನದಿಂದ ಮನೆಮನೆಗೆ ಹೋಗಿ, ಒಂದು ಮನೆಯನ್ನೂ ಬಿಡದೆ ಕರೆದು ಬಂದಿದ್ದಳಂತೆ. ಬರಬೇಕಿಲ್ಲ, ಇದ್ದಲ್ಲೇ ಮೊಬೈಲಿನಲ್ಲಿ ನೋಡಿದರೆ ಸಾಕು ಅಂದಿದ್ದಳಂತೆ. ಹೇಗೆ ನೋಡಬೇಕೆಂದು ತಿಳಿಯದವರಿಗೆ ತಿಳಿದವರನ್ನು ಜೊತೆ ಮಾಡಿಯೂ ಕೊಟ್ಟಿದ್ದಳಂತೆ.

“ಕಾಕು, ಅವರೆಲ್ಲಾ ನೋಡಾಕತ್ತಾರಂತನ ಇಕಿಗೆ ಆಡಾಕ ಬರವಲ್ತು” ಅಂದೆ. “ಎಲ್ಲಾರೂ ಬಂದ್ ಮಾಡಬೇಕ್ರಿ.”

ತಿಪ್ಪವ್ವನ ಮುಖ ಇಳಿದುಹೋಯಿತು. ಕರೆದವರಿಗೆ ತಾನೇ ಹೋಗಿ ಬೇಡ ಅನ್ನುವುದೆಂದರೆ ಅವಳ ಪಾಲಿಗೆ ಊಟಕ್ಕೆ ಕೂತವರನ್ನು ಎಬ್ಬಿಸಿದ ಹಾಗೆ. ಒಂದು ಗಳಿಗೆ ಮಗಳ ಬೆನ್ನನ್ನೇ ನೋಡಿದಳು. ಹೊರಗೆ ಮಶಾಕಸಾಬನ ತರಕಾರಿ ಆಟೊ ಬದನೆಕಾಯಿ, ಟೊಮ್ಯಾಟೊ ಎಂದು ಒದರುತ್ತ ಬರುತ್ತಿತ್ತು. ತಿಪ್ಪವ್ವ ಓಡಿಹೋಗಿ ಅದಕ್ಕೆ ಅಡ್ಡ ನಿಂತು ಮೈಕು ಕಸಿದುಕೊಂಡಳು.

“ಸಾರವಾಡದ ಮಂದಿ, ನಾ ತಿಪ್ಪವ್ವ ಮಾತಾಡಾಕತ್ತೇನಿ. ನಿಮ್ಮನ್ನ ಕರದಾಕಿ ನಾನ, ಈಗ ಬ್ಯಾಡ ಅನ್ನಾಕಿನೂ ನಾನ. ಮೊಬೈಲ ಬಂದ್ ಮಾಡ್ರಿ. ನೀವು ನೋಡಿದ್ರ ನನ್ನ ಮಗಳು ಸೋಲ್ತಾಳ. ಸಿಟ್ಟಾಗಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ.”

ಮಶಾಕಸಾಬ ತರಕಾರಿ ಮರೆತು ಓಣಿ ಓಣಿ ಆಟೊ ಓಡಿಸಿದ. ತಿಪ್ಪವ್ವ ಹಿಂದೆ ನಿಂತು ಅದನ್ನೇ ಹೇಳಿದಳು. ಕೆಲವರು ಗೊಣಗಿದರು, ಕರೆದು ಬಾಗಿಲು ಹಾಕುತ್ತಾಳೆ ಅಂದರು. ಅಂದರೂ ಬಂದ್ ಮಾಡಿದರು. ಬಂದ್ ಮಾಡಿ ಸುಮ್ಮನೆ ಕೂರಲಾಗದೆ ಎಲ್ಲರೂ ಅವಳ ಮನೆಯ ಕಡೆಗೇ ನಡೆದರು. ಎರಡನೆಯ ರೇಸು ಶುರುವಾಗುವ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಒಳಗಿದ್ದುದು ಗೌತಮಿಯ ಅಂಗೈಯಗಲದ ಮೊಬೈಲ್ ಒಂದೇ. ಮೈಕಿನ ವಾಯರನ್ನು ಕಿಟಕಿಯಿಂದ ಒಳಗೆ ಎಳೆದುಕೊಂಡು ತಿಪ್ಪವ್ವ ಮಗಳ ಹಿಂದೆ ನಿಂತಳು, ಕಂಡದ್ದನ್ನು ಕಂಡ ಹಾಗೆ ಹೇಳತೊಡಗಿದಳು. ಆಟದ ಗಂಧಗಾಳಿ ಅವಳಿಗಿರಲಿಲ್ಲ. ನಮ್ಮದು ಕೆಂಪು, ಅವನದು ನೀಲಿ, ಅಷ್ಟೇ ಗೊತ್ತು.

“ಕೆಂಪು ಹಿಂದ ಐತಿ. ಹಿಂದ ಐತಿ ಅಂದೇನಿ, ಸೋತಾಳ ಅಂದಿಲ್ಲ.”

ಈಗ ಗಾಡಿ ಗೌತಮಿಯ ಬೆರಳಿನ ಮಾತು ಕೇಳುತ್ತಿತ್ತು. ತಿರುವಿನಲ್ಲಿ ನೀಲಿಯ ಮಗ್ಗುಲಿಗೆ ನುಗ್ಗಿದಳು. ಹೊರಗೆ ಸೀಟಿ ಬಿತ್ತು. ಆ ರೇಸು ಅವಳದಾಯಿತು. ಮೂರನೆಯದರಲ್ಲಿ ಒಮ್ಮೆ ಕೆಂಪು, ಒಮ್ಮೆ ನೀಲಿ, ತಿಪ್ಪವ್ವನಿಗೆ ಬಣ್ಣ ಹೇಳಿ ಹೇಳಿ ಉಸಿರು ಕಟ್ಟಿತು. ಕೊನೆಯ ಸುತ್ತಿನಲ್ಲಿ ಅವಳು ಬಣ್ಣ ಹೇಳುವುದನ್ನೇ ಮರೆತಳು. ಅಂಗಳದವರು ಕಿಟಕಿಗೆ ಮುಗಿಬಿದ್ದರು. ನಾನು ಭಾಗಪ್ಪನ ಭುಜವನ್ನು ಯಾವಾಗ ಹಿಡಿದುಕೊಂಡಿದ್ದೆನೋ, ಆತ ನೋವೆಂದು ಬಿಡಿಸಿಕೊಂಡಾಗಲೇ ಗೊತ್ತಾಯಿತು.

“ಕೆಂಪು” ಎಂದಳು ತಿಪ್ಪವ್ವ. ಮೈಕಿನಲ್ಲಿ ಅದೊಂದೇ ಮಾತು ಬಂತು, ಆಮೇಲೆ ಅವಳು ಅಳುವುದು ಕೇಳಿಸಿತು.

ಹೊರಗೆ ಎದ್ದ ಕೂಗಿಗೆ ಟವರಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ಮಶಾಕಸಾಬ ಟೊಮ್ಯಾಟೊ ಬುಟ್ಟಿಯನ್ನೇ ಎತ್ತಿ ಹಂಚತೊಡಗಿದ. ನಾನು ಕುಣಿದೆ. ಯಾವ ಕಂಪನಿಯನ್ನು ಇಡೀ ವರ್ಷ ಬೈದಿದ್ದೆನೋ ಅದರ ಆಟಕ್ಕೆ, ನಾಚಿಕೆಯಿಲ್ಲದೆ.

ಆಗ ಗೌತಮಿಗೆ ಮೇಘಾಟದ ಕಚೇರಿಯಿಂದ ಫೋನು ಬಂತು. ಗದ್ದಲದಲ್ಲಿ ಕೇಳಿಸದೆ ಅವಳು ಒಳಕೋಣೆಗೆ ಹೋಗಿ ಸ್ಪೀಕರ್ ಹಾಕಿದಳು. ನಾನೂ ಹಿಂದೆ ಹೋದೆ. ಅಭಿನಂದನೆ ಹೇಳಿ, ಮೈಸೂರಿನ ತಾರೀಖು ತಿಳಿಸಿದ ಮೇಲೆ ಆ ಮನುಷ್ಯ ಕೊಂಚ ಮರುಕದ ದನಿಯಲ್ಲಿ ಒಂದು ಮಾತು ಸೇರಿಸಿದ.

“ಒಂದೇ ಬೇಜಾರು. ಮೊದಲ ರೇಸ್ ನಿಮ್ಮೂರಲ್ಲಿ ತುಂಬ ಜನ ನೋಡ್ತಿದ್ರು. ಆಮೇಲೆ ಒಬ್ಬರೂ ಇಲ್ಲ ಅಂತ ಇಲ್ಲಿ ತೋರಿಸ್ತಿದೆ. ನೀವು ಸೋತಿದ್ದು ನೋಡಿ ಎಲ್ಲರೂ ಬಿಟ್ಟುಹೋದ್ರೇನೋ.”

ಗೌತಮಿ ಕಿಟಕಿಯಾಚೆ ಅಂಗಳದ ಕಡೆ ನೋಡಿದಳು.

“ಬಿಟ್ಟು ಹೋಗಿಲ್ಲರಿ” ಅಂದಳು. “ನಾ ಗೆಲ್ಲಲಿ ಅಂತ ನೋಡೂದ ಬಿಟ್ಟಾರ.”

“ಏನಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ” ಅಂದ ಆತ. ಸಿಗ್ನಲ್ ಮಾತ್ರ ಪೂರಾ ಇತ್ತು.