ಹೆದರಿಕೆಯನ್ನೂ ಕಟ್ಟಿಕೊಂಡು

ಬಿರುಗಾಳಿಯ ದಿನ ಎರಡು ಗಂಟೆ ಕ್ರೇನಿನ ಗೂಡಿನಲ್ಲಿ ಸಿಕ್ಕಿಕೊಂಡು ಓಲಾಡಿದ ಮೇಲೆ ಅವಳು ಮತ್ತೆ ಏಣಿ ಹತ್ತಿರಲಿಲ್ಲ. ನಾಲ್ಕು ತಿಂಗಳಾಗಿತ್ತು. ಎತ್ತರದಲ್ಲಿ ಕೂತು ಕ್ರೇನು ನಡೆಸುತ್ತಿದ್ದ ಅವಳನ್ನು ಕಟ್ಟಡದ ಕೆಲಸದವರು ಕರೆಯುತ್ತಿದ್ದುದೇ ಹದ್ದಕ್ಕ ಎಂದು. ಈಗ ಹದ್ದಕ್ಕ ಉಗ್ರಾಣದಲ್ಲಿ ಕೂತು ಕೈಗವಸು, ಹೆಲ್ಮೆಟ್ಟು ಹಂಚುತ್ತಿದ್ದಳು.

"ಹದ್ದು ಕಾವಿಗೆ ಕೂತಿದೆ ಕಣ್ರೋ," ಎಂದು ನಗುವವರನ್ನು ಹೇಗೋ ಸಹಿಸಿಕೊಂಡಳು. ಚರ್ಚಿನಲ್ಲಿ ಬಾಯಿ ಕಟ್ಟಿಹೋದದ್ದನ್ನು ಸಹಿಸಲಾಗಲಿಲ್ಲ. ಬಿರುಗಾಳಿಯ ದಿನ ಗೂಡಿನಲ್ಲಿ, ಗಾಳಿ ನಿಲ್ಲಿಸು ಕರ್ತನೇ ಎಂದು ಗಂಟಲು ಹರಿಯುವಂತೆ ಕೂಗಿದ್ದಳು. ಗಾಳಿ ನಿಂತಿರಲಿಲ್ಲ. ಅಲ್ಲಿಂದಾಚೆಗೆ ಮೊಣಕಾಲೂರಿದರೂ ಪ್ರಾರ್ಥನೆ ಹೊರಡುತ್ತಿರಲಿಲ್ಲ.

"ಬದುಕಿ ಬಂದ್ಯಲ್ಲ, ಅದು ಯಾರಿಂದ?" ಎಂದಿದ್ದರು ಅತ್ತೆ, ಬಟ್ಟೆ ಹಿಂಡುತ್ತ. "ಹೆದರಿಕೆ ಹೋಗ್ಲಿ, ಆಮೇಲೆ ಹತ್ತೀನಿ ಅಂತ ಕೂತ್ರೆ ಕೂದಲು ಹಣ್ಣಾಗುತ್ತೆ. ಅದನ್ನೂ ಸೊಂಟಕ್ಕೆ ಕಟ್ಕೊಂಡು ಹತ್ತು. ಯೇಸುಸ್ವಾಮಿಗೂ ಸಾಯೋ ಹಿಂದಿನ ದಿನ ಬೆವರು ಕಿತ್ತು ಬಂದಿತ್ತು. ಆದ್ರೂ ಎದ್ದು ನಡೆದ."

ಅವಳು ಹಿಂಡಿದ ಬಟ್ಟೆ ಎತ್ತಿಕೊಂಡು ಒಣಹಾಕಲು ಹೋಗಿದ್ದಳು.

ಆ ಗುರುವಾರ ಮಧ್ಯಾಹ್ನ ಕ್ರೇನು ತಟ್ಟನೆ ನಿಂತಿತು. ಮೇಲಿದ್ದವರು ಅವಳಿಗೆ ಕೆಲಸ ಕಲಿಸಿದ ಹಿರಿಯ ಆಪರೇಟರ್, ಎಲ್ಲರ ಬಾಯಲ್ಲೂ ಮಾವ. ವಾಕಿಟಾಕಿಯಲ್ಲಿ "ಎದೆ..." ಎಂದಷ್ಟೇ ಕೇಳಿ ಸದ್ದಡಗಿತು. ಕಬ್ಬಿಣದ ಸರಳುಗಳ ಕಟ್ಟು ಬೀದಿಯ ಮೇಲೆ ತೂಗಾಡುತ್ತಿತ್ತು. ಗಾಳಿಯೂ ಏಳುತ್ತಿತ್ತು.

"ಅಗ್ನಿಶಾಮಕದವ್ರು ಬರೋಕೆ ಮುಕ್ಕಾಲು ಗಂಟೆ ಬೇಕಂತೆ," ಮೇಸ್ತ್ರಿ ಅವಳ ಮುಖ ನೋಡದೆ ಹೇಳಿದ. "ಹತ್ತು ಅಂತ ನಾನು ಹೇಳಲ್ಲಮ್ಮ."

"ನೀವು ಹೇಳ್ಬೇಡಿ. ಸೇಫ್ಟಿ ಬೆಲ್ಟ್ ಕೊಡಿ. ಬೀದಿ ಖಾಲಿ ಮಾಡ್ಸಿ."

ಆಂಬುಲೆನ್ಸಿನವರು ಫೋನಿನಲ್ಲಿ ಹೇಳಿದ ಮಾತ್ರೆಯನ್ನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ತೆಗೆದು ಜೇಬಿಗಿಳಿಸಿ ಹೊರಟಳು.

ಅರ್ಧ ದಾರಿಯಲ್ಲಿ ಕಬ್ಬಿಣಕ್ಕೆ ಹಣೆಯೊತ್ತಿ ನಿಂತುಬಿಟ್ಟಳು. ಇಳಿದುಹೋದರೆ ಯಾರೂ ಒಂದು ಮಾತೂ ಅನ್ನುತ್ತಿರಲಿಲ್ಲ. ಅದೂ ಗೊತ್ತಿತ್ತು.

"ಕರ್ತನೇ, ಗಾಳಿ ನಿಲ್ಲಿಸು ಅಂತ ಈಗ ಕೇಳಲ್ಲ. ನನ್ನ ಕೈ ಬಿಡ್ಬೇಡ, ಅಷ್ಟೇ."

ನಾಲ್ಕು ತಿಂಗಳ ಮೇಲೆ ಬಾಯಿಂದ ಬಂದ ಪ್ರಾರ್ಥನೆ ಅದು. ಹೆದರಿಕೆ ಹೋಗಲಿಲ್ಲ. ಆದರೆ ಆ ಬಿರುಗಾಳಿಯಲ್ಲೂ ತಾನು ಒಬ್ಬಳೇ ಇರಲಿಲ್ಲ ಎಂಬುದು ಮೊದಲ ಸಲ ಮನಸ್ಸಿಗೆ ನಾಟಿತು. ಬೆಲ್ಟಿನ ಕೊಂಡಿ ಬಿಚ್ಚಿ ಮೇಲಿನ ಸರಳಿಗೆ ಸಿಕ್ಕಿಸಿದಳು. ಮತ್ತೆ ಬಿಚ್ಚಿದಳು, ಮತ್ತೆ ಸಿಕ್ಕಿಸಿದಳು.

ಗೂಡಿನಲ್ಲಿ ಮಾವ ಬೂದಿಬಣ್ಣಕ್ಕೆ ತಿರುಗಿ ಕುರ್ಚಿಯಿಂದ ಜಾರಿದ್ದರು. ಅವಳು ಮಾತ್ರೆ ಅಗಿಸಿ, ಗೋಡೆಗೆ ಒರಗಿಸಿ ಕೂರಿಸಿದಳು.

"ನೀನಾ?"

"ನಾನೇ. ಮಾತಾಡ್ಬೇಡಿ ಮಾವ, ಉಸಿರಾಡಿ."

ಕ್ರೇನಿನ ಹಿಡಿಕೆಗಳ ಮೇಲೆ ಕೈಯಿಟ್ಟಳು. ಸರಳಿನ ಕಟ್ಟಿನ ತೂಗಾಟ ತಹಬಂದಿಗೆ ಬರುವವರೆಗೂ ಕಾದು, ಬೀದಿಯಿಂದ ಈಚೆಗೆ ತಿರುಗಿಸಿ, ನಿಧಾನಕ್ಕೆ ಅಂಗಳದಲ್ಲಿಳಿಸಿದಳು. ಆಮೇಲೆ ಮಾವನ ಕೈ ಹಿಡಿದು, ತುಟಿಯಲ್ಲೇ ಪ್ರಾರ್ಥಿಸುತ್ತ ಕೂತಳು.

"ನಿನ್ನ ದೇವ್ರಿಗೆ... ನನ್ನ ಹೆಸರೂ ಹೇಳು."

"ಆಗ್ಲೇ ಹೇಳಾಯ್ತು."

ಅಗ್ನಿಶಾಮಕದವರು ಬಂದು ಮಾವನನ್ನು ಹಗ್ಗದಲ್ಲಿ ಇಳಿಸಿದರು. ಅವರ ಜೀವ ಉಳಿಯಿತು, ಆದರೆ ಇನ್ನು ಏಣಿಯ ಹತ್ತಿರ ಸುಳಿಯಲೂಬಾರದು ಎಂದರು ಡಾಕ್ಟರು.

ಸೋಮವಾರ ಮೇಸ್ತ್ರಿ ಉಗ್ರಾಣದ ಬಾಗಿಲಲ್ಲಿ ತಲೆ ಕೆರೆದುಕೊಂಡು ನಿಂತ. "ಮೇಲಕ್ಕೆ ಜನ ಬೇಕಿತ್ತು..."

"ಇಲ್ಲಿಗೆ ಬೇರೆಯವ್ರನ್ನ ನೋಡ್ಕೊಳ್ಳಿ," ಎಂದು ಬೀಗದ ಕೈ ಅವನ ಕೈಗಿಟ್ಟಳು.

ಏಣಿಯ ಬುಡದಲ್ಲಿ, ಇನ್ನೂ ಹೋಗದ ಹೆದರಿಕೆಯ ಜೊತೆಗೇ ಬೆಲ್ಟನ್ನು ಸೊಂಟಕ್ಕೆ ಬಿಗಿದಳು. ಕಣ್ಣು ಮುಚ್ಚಿ ಒಂದು ಮಾತು ಪ್ರಾರ್ಥಿಸಿ, ಹತ್ತತೊಡಗಿದಳು.